ಕಷ್ಟಕಾಲದಲ್ಲಿ ಮಕ್ಕಳಿಗೊಂದು ನಾಟಕ

ಮನೆಯಲ್ಲಿ ಸಾವಾದಾಗ ನಾವು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸುವುದು. "ಅಜ್ಜ ಊರಿಗೆ ಹೋಗಿದ್ದಾರೆ, ನೀನು ಹೋಗಿ ಆಡ್ಕೋ" ಎನ್ನುತ್ತೇವೆ. ಮಗು ಹೋಗುತ್ತದೆ, ಆಡುತ್ತದೆ. ಸ್ವಲ್ಪ ಹೊತ್ತಿನ ನಂತರ ಹಿತ್ತಲಿಗೆ ಇಣುಕಿ ನೋಡಿದರೆ, ಗೊಂಬೆಯನ್ನು ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಸುತ್ತಲೂ ಕುಳಿತು ಅಳುವ ಆಟ ನಡೆದಿರುತ್ತದೆ. "ಇದೆಂಥ ಕೆಟ್ಟ ಆಟ!" ಎಂದು ಗದರಿಸಿ ನಾವು ಅದನ್ನು ನಿಲ್ಲಿಸುತ್ತೇವೆ.

ಪ್ರಭು ಯೇಸು ಇಂಥ ಆಟವನ್ನು ಬಲ್ಲವರಾಗಿದ್ದರು. ಸಂತ ಮತ್ತಾಯನ ಶುಭಸಂದೇಶದ 11ನೇ ಅಧ್ಯಾಯದಲ್ಲಿ, ಪೇಟೆಯಲ್ಲಿ ಕುಳಿತ ಮಕ್ಕಳ ಹೋಲಿಕೆಯೊಂದು ಬರುತ್ತದೆ. ಆ ಮಕ್ಕಳು ಒಮ್ಮೆ ಮದುವೆಯ ಆಟವಾಡಿ ಕೊಳಲೂದುತ್ತಾರೆ, ಮತ್ತೊಮ್ಮೆ ಸಾವಿನ ಆಟವಾಡಿ ಗೋಳಿಡುತ್ತಾರೆ. ಜೊತೆಗಾರರು ಎರಡಕ್ಕೂ ಸೇರುವುದಿಲ್ಲ. ತಮ್ಮ ಕಾಲದ ಜನರ ಮೊಂಡುತನವನ್ನು ತೋರಿಸಲು ಪ್ರಭು ಈ ಹೋಲಿಕೆಯನ್ನು ಹೇಳಿದರು. ಆದರೆ ಅದರೊಳಗೆ ತಂದೆತಾಯಿಯರಿಗೂ ಒಂದು ಪಾಠವಿದೆ. ಮಕ್ಕಳು ಸಂತೋಷವನ್ನೂ ದುಃಖವನ್ನೂ ಆಡಿಯೇ ಅರಿಯುತ್ತಾರೆ. ತಮ್ಮೊಂದಿಗೆ ಯಾರೂ ಸೇರಲಿಲ್ಲವೆಂಬುದೇ ಅವರ ದೂರು.

ಕಷ್ಟಕಾಲದಲ್ಲಿ ಮಕ್ಕಳಿಗಾಗಿ ನಾಟಕವಾಡುವುದೆಂದರೆ ಆ ದೂರಿಗೆ ಕಿವಿಗೊಡುವುದು, ಅವರೊಂದಿಗೆ ಸೇರುವುದು. ಇದನ್ನು ಅರಿಯಲು ಎರಡನೇ ಮಹಾಯುದ್ಧದ ಕಾಲದ ಎರಡು ನಾಟಕಗಳನ್ನು ನೋಡೋಣ. ಎರಡನ್ನೂ ಆಡಿದವರು ಯೆಹೂದ್ಯ ಮಕ್ಕಳು. ಅವರ ಪೈಕಿ ಬಹುಪಾಲು ಮಕ್ಕಳು ನಾಜಿಗಳ ಕೈಯಲ್ಲಿ ಕೊಲೆಯಾದರು. ಆದ್ದರಿಂದ ಈ ಕಥೆಗಳನ್ನು ಸುಮ್ಮನೆ ಬೋಧನೆಯ ಅಲಂಕಾರಕ್ಕಾಗಿ ಬಳಸದೆ, ತಲೆಬಾಗಿ ಓದಬೇಕು.

ಕಿಟಕಿಯ ಬಳಿ ಕುಳಿತ ಹುಡುಗ

ಯಾನುಷ್ ಕೊರ್ಚಾಕ್ ಪೋಲೆಂಡಿನ ವಾರ್ಸಾ ನಗರದಲ್ಲಿ ಮಕ್ಕಳ ವೈದ್ಯರಾಗಿದ್ದರು. ಅವರ ನಿಜನಾಮ ಹೆನ್ರಿಕ್ ಗೋಲ್ಡ್‌ಶ್ಮಿತ್. ಮಕ್ಕಳಿಗಾಗಿ ಕಥೆ ಬರೆದರು, ರೇಡಿಯೋದಲ್ಲಿ 'ಮುದಿ ಡಾಕ್ಟರ್' ಎಂಬ ಹೆಸರಿನಿಂದ ಮಾತನಾಡಿ ಮನೆಮಾತಾದರು. 1912ರಲ್ಲಿ ಯೆಹೂದ್ಯ ಅನಾಥ ಮಕ್ಕಳ ಮನೆಯೊಂದರ ಹೊಣೆ ಹೊತ್ತರು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆ ಆ ಮನೆಯ ತಾಯಿಯಂತಿದ್ದರು.

1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾದ ಯೆಹೂದ್ಯರನ್ನೆಲ್ಲ ಗೋಡೆ ಕಟ್ಟಿದ ಒಂದು ಭಾಗದೊಳಗೆ ಕೂಡಿಹಾಕಿದರು. ಅದನ್ನು ಘೆಟ್ಟೊ ಎನ್ನುತ್ತಾರೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಇಕ್ಕಟ್ಟಾಗಿ ಬದುಕಬೇಕಾಯಿತು. ಹಸಿವು ಮತ್ತು ಟೈಫಸ್ ಜ್ವರದಿಂದ ಜನ ಬೀದಿಯಲ್ಲೇ ಸಾಯುತ್ತಿದ್ದರು. ಅನಾಥಾಲಯವೂ ಗೋಡೆಯೊಳಗೆ ಬಂತು. ಸುಮಾರು 200 ಮಕ್ಕಳಿಗೆ ಹಿಟ್ಟು, ಆಲೂಗೆಡ್ಡೆ ಹೊಂದಿಸಲು ಅರವತ್ತು ದಾಟಿದ ಆ ವೈದ್ಯರು ಮನೆಮನೆ ಅಲೆಯುತ್ತಿದ್ದರು.

ಇಂಥ ದಿನಗಳಲ್ಲಿ, 1942ರ ಜುಲೈ 18ರಂದು, ಅನಾಥಾಲಯದ ಮಕ್ಕಳು ಒಂದು ನಾಟಕವಾಡಿದರು. ಅದು ನಮ್ಮ ದೇಶದ ನಾಟಕ: ರವೀಂದ್ರನಾಥ ಠಾಕೂರರು 1911ರಲ್ಲಿ ಬಂಗಾಳಿಯಲ್ಲಿ ಬರೆದ 'ಡಾಕ್‌ಘರ್', ಅಂದರೆ ಅಂಚೆಮನೆ. ಅದನ್ನು ಮಕ್ಕಳಿಗೆ ಕಲಿಸಿದವರು ಎಸ್ತರ್ ವಿನೋಗ್ರೋನ್ ಎಂಬ ಯುವತಿ.

ಕಥೆ ಸರಳ. ಅಮಲ್ ಎಂಬ ಹುಡುಗನಿಗೆ ಕಾಯಿಲೆ. ಹೊರಗೆ ಹೋಗಕೂಡದು, ಗಾಳಿ ಬಿಸಿಲು ತಾಗಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಅವನು ಕಿಟಕಿಯ ಬಳಿ ಕುಳಿತು ದಾರಿಹೋಕರನ್ನು ಮಾತನಾಡಿಸುತ್ತಾನೆ. ಮೊಸರು ಮಾರುವವನು, ಕಾವಲುಗಾರ, ಹೂವಿನ ಹುಡುಗಿ ಸುಧಾ, ಆಡುವ ಮಕ್ಕಳು, ಎಲ್ಲರೂ ಅವನ ಗೆಳೆಯರಾಗುತ್ತಾರೆ. ಎದುರಿಗೆ ರಾಜನ ಅಂಚೆಮನೆ ಬಂದಿದೆ. ರಾಜ ತನಗೂ ಒಂದು ಕಾಗದ ಬರೆಯುತ್ತಾನೆಂದು ಅಮಲ್ ಕಾಯುತ್ತಾನೆ. ಊರಿನ ಮುಖ್ಯಸ್ಥ ಬರಿಯ ಹಾಳೆ ಕೊಟ್ಟು ಗೇಲಿ ಮಾಡುತ್ತಾನೆ. ಆದರೆ ಕೊನೆಗೆ ರಾಜವೈದ್ಯ ನಿಜವಾಗಿಯೂ ಬರುತ್ತಾನೆ. ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಹುಡುಗ ನಿದ್ರೆಹೋಗುತ್ತಾನೆ. ಅದು ಯಾವ ನಿದ್ರೆಯೆಂದು ನೋಡುವವರಿಗೆ ಅರ್ಥವಾಗುತ್ತದೆ. ಹೂವು ತಂದ ಸುಧಾ, ತಾನು ಅವನನ್ನು ಮರೆತಿಲ್ಲವೆಂದು ತಿಳಿಸಲು ಹೇಳಿ ಹೋಗುತ್ತಾಳೆ.

ಠಾಕೂರರು ಇದನ್ನು ದೂರದಿಂದ ಕಂಡು ಬರೆದವರಲ್ಲ. 1902ರಲ್ಲಿ ಪತ್ನಿಯನ್ನು, 1903ರಲ್ಲಿ ಮಗಳು ರೇಣುಕಾಳನ್ನು, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥನನ್ನು ಮಣ್ಣುಪಾಲು ಮಾಡಿದ ನೋವು ಅವರಿಗಿತ್ತು.

ಇದೇ ನಾಟಕವೇಕೆ ಎಂದು ಕೇಳಿದವರಿಗೆ, ಸಾವನ್ನು ಶಾಂತವಾಗಿ ಎದುರುಗೊಳ್ಳುವುದನ್ನು ಕಲಿಯಬೇಕಾಗಿದೆ ಎಂಬರ್ಥದ ಉತ್ತರವನ್ನು ಕೊರ್ಚಾಕ್ ಕೊಟ್ಟರೆಂದು ಹೇಳುತ್ತಾರೆ. ನಾಟಕ ನಡೆದ ನಾಲ್ಕೇ ದಿನಗಳಲ್ಲಿ, ಜುಲೈ 22ರಂದು, ಘೆಟ್ಟೊದ ಜನರನ್ನು ಟ್ರೆಬ್ಲಿಂಕಾ ಎಂಬ ಕೊಲ್ಲುವ ಶಿಬಿರಕ್ಕೆ ಸಾಗಿಸುವುದು ಆರಂಭವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಅನಾಥಾಲಯದ ಸರದಿ ಬಂತು. ತಪ್ಪಿಸಿಕೊಳ್ಳುವ ಅವಕಾಶವನ್ನು ಗೆಳೆಯರು ಮುಂದಿಟ್ಟಿದ್ದರೂ ಕೊರ್ಚಾಕ್ ಒಪ್ಪಿರಲಿಲ್ಲ. ಅವರೂ ಸ್ಟೆಫಾನಿಯಾ ಅವರೂ ಮಕ್ಕಳ ಜೊತೆಯಲ್ಲೇ ನಡೆದು ರೈಲು ಹತ್ತಿದರು. ಯಾರೂ ಮರಳಲಿಲ್ಲ.

ಹಾಗಾದರೆ ನಾಟಕದಿಂದ ಏನು ಬಂತು ಎಂದು ಕೇಳುವುದು ಸಹಜ. ಅದು ಯಾರ ಪ್ರಾಣವನ್ನೂ ಉಳಿಸಲಿಲ್ಲ. ಈ ಮಾತನ್ನು ಮುಚ್ಚಿಡಬಾರದು. ಆದರೆ ಗೋಡೆಯೊಳಗಿನ ಮಕ್ಕಳಿಗೆ ಅಲ್ಲಿ ತಮ್ಮಂತೆಯೇ ಕೂಡಿಹಾಕಲ್ಪಟ್ಟ ಒಬ್ಬ ಹುಡುಗ ಸಿಕ್ಕಿದ. ಅವನ ಬಾಯಿಂದ ತಮ್ಮ ಆಸೆಯನ್ನೂ ಭಯವನ್ನೂ ಹೇಳಿಕೊಳ್ಳಲು ದಾರಿಯಾಯಿತು. ಹಿರಿಯರು ಸುಳ್ಳು ಹೇಳದೆ, ಓಡಿಹೋಗದೆ, ಪಕ್ಕದಲ್ಲಿ ಕುಳಿತರು. ನಾಟಕವನ್ನು ಆರಿಸಿಕೊಟ್ಟವರೇ ಕೊನೆಯ ದಾರಿಯಲ್ಲೂ ಜೊತೆಗಿದ್ದರು.

ಹಾಲಿಗಾಗಿ ಹಾಡಿದ ಮಕ್ಕಳು

ಎರಡನೆಯ ಕಥೆ ಪ್ರಾಗ್ ನಗರದ ಉತ್ತರಕ್ಕಿರುವ ತೆರೆಝೀನ್ ಎಂಬ ಕೋಟೆ ಊರಿನದು. ಅದನ್ನೂ ನಾಜಿಗಳು ಯೆಹೂದ್ಯರ ಸೆರೆಯನ್ನಾಗಿ ಮಾಡಿದ್ದರು. ಹಾನ್ಸ್ ಕ್ರಾಸಾ ಎಂಬ ಸಂಗೀತಗಾರರು 1938ರಲ್ಲಿ ರಚಿಸಿದ್ದ 'ಬ್ರುಂಡಿಬಾರ್' ಎಂಬ ಮಕ್ಕಳ ಗೀತನಾಟಕವನ್ನು ಅಲ್ಲಿನ ಮಕ್ಕಳು 1943ರ ಸೆಪ್ಟೆಂಬರ್ 23ರಂದು ಆಡಿದರು. ತಂದೆಯಿಲ್ಲದ ಅಣ್ಣತಂಗಿ, ಕಾಯಿಲೆಬಿದ್ದ ತಾಯಿಗೆ ಹಾಲು ತರಲು ಹಣವಿಲ್ಲದೆ ಸಂತೆಯಲ್ಲಿ ಹಾಡುತ್ತಾರೆ. ವಾದ್ಯ ನುಡಿಸುವ ಬ್ರುಂಡಿಬಾರ್ ಅವರನ್ನು ಅಟ್ಟುತ್ತಾನೆ. ಒಂದು ಗುಬ್ಬಿ, ಒಂದು ಬೆಕ್ಕು, ಒಂದು ನಾಯಿ ಮತ್ತು ಊರಿನ ಮಕ್ಕಳೆಲ್ಲ ಒಂದಾಗಿ ಹಾಡಿ ಅವನನ್ನು ಸೋಲಿಸುತ್ತಾರೆ. ನೋಡುತ್ತಿದ್ದ ಮಕ್ಕಳಿಗೆ ಈ ಬ್ರುಂಡಿಬಾರ್ ಯಾರೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಆ ನಾಟಕ ಅಲ್ಲಿ 55 ಬಾರಿ ನಡೆಯಿತು. ನಡುನಡುವೆ ಪಾತ್ರಧಾರಿಗಳನ್ನು ಆಶ್ವಿಟ್ಝ್ ಶಿಬಿರಕ್ಕೆ ಒಯ್ಯುತ್ತಿದ್ದರು. ಉಳಿದವರು ಆ ಪಾತ್ರವನ್ನು ಕಲಿತು ಮುಂದುವರಿಸುತ್ತಿದ್ದರು. ಬೆಕ್ಕಿನ ಪಾತ್ರ ಮಾಡಿ ಬದುಕುಳಿದ ಎಲಾ ವೈಸ್‌ಬರ್ಗರ್ ಎಂಬವರು, ರಂಗದ ಮೇಲಿದ್ದಷ್ಟು ಹೊತ್ತು ಮಾತ್ರ ಎದೆಯ ಮೇಲಿನ ಹಳದಿ ನಕ್ಷತ್ರವನ್ನು ತೆಗೆದಿಡಲು ಬಿಡುತ್ತಿದ್ದರೆಂದು ನೆನಪಿಸಿಕೊಂಡಿದ್ದಾರೆ. ಯೆಹೂದ್ಯರೆಂದು ಗುರುತಿಸಿ ಅವಮಾನಿಸಲು ಹಚ್ಚಿದ್ದ ಗುರುತು ಅದು.

ಆದರೆ ಇಲ್ಲಿ ಎಚ್ಚರಿಕೆಯ ಮಾತೂ ಇದೆ. 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳು ತೆರೆಝೀನ್ ನೋಡಲು ಬಂದಾಗ, ನಾಜಿಗಳು ಊರಿಗೆ ಬಣ್ಣ ಬಳಿದು, ಇದೇ ನಾಟಕವನ್ನು ತೋರಿಸಿ, ಮಕ್ಕಳು ಸುಖವಾಗಿದ್ದಾರೆಂದು ನಂಬಿಸಿದರು. ಅದೇ ಅಕ್ಟೋಬರಿನಲ್ಲಿ ಕ್ರಾಸಾ ಅವರನ್ನು ಆಶ್ವಿಟ್ಝ್‌ನಲ್ಲಿ ಕೊಂದರು. ಮಕ್ಕಳಿಗೆ ಬಲಕೊಟ್ಟ ಅದೇ ಹಾಡು, ಅತಿಥಿಗಳ ಕಣ್ಣಿಗೆ ಮಣ್ಣೆರಚಲೂ ಬಳಕೆಯಾಯಿತು. ನಾಟಕ ಯಾರಿಗಾಗಿ ಎಂಬ ಪ್ರಶ್ನೆ ಅಷ್ಟು ದೊಡ್ಡದು.

ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ

ನಮ್ಮ ಕಷ್ಟಗಳನ್ನು ಆ ಮಕ್ಕಳ ಕಷ್ಟದೊಡನೆ ಹೋಲಿಸುವಂತಿಲ್ಲ. ಆದರೂ ನೆರೆ ಬಂದು ಮನೆ ಕುಸಿದಾಗ, ತಂದೆ ಕೆಲಸ ಕಳೆದುಕೊಂಡಾಗ, ತಾಯಿ ಆಸ್ಪತ್ರೆ ಸೇರಿದಾಗ, ತರಗತಿಯ ಗೆಳೆಯನೊಬ್ಬ ತೀರಿಕೊಂಡಾಗ ನಮ್ಮ ಮಕ್ಕಳೂ ಕಿಟಕಿಯ ಬಳಿ ಕೂರುತ್ತಾರೆ. 2020ರಲ್ಲಿ ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲ ಮನೆಗಳಲ್ಲೂ ಅಮಲ್‌ಗಳಿದ್ದರು. ಧರ್ಮೋಪದೇಶದ ಶಿಕ್ಷಕರು, ಕನ್ಯಾಸ್ತ್ರೀಯರು, ತಂದೆತಾಯಿಯರು ಇಂಥ ಸಮಯದಲ್ಲಿ ಮಾಡಬಹುದಾದದ್ದು ಇಷ್ಟು:

1. ಕಥೆ ಸ್ವಲ್ಪ ದೂರದ್ದಾಗಿರಲಿ. ವಾರ್ಸಾದ ಮಕ್ಕಳು ತಮ್ಮ ಘೆಟ್ಟೊದ ಕಥೆಯನ್ನೇ ಆಡಲಿಲ್ಲ; ಬಂಗಾಳದ ಹುಡುಗನ ಕಥೆ ಆಡಿದರು. ನೆರೆಯಲ್ಲಿ ಮನೆ ಕಳೆದುಕೊಂಡ ಮಗುವಿಗೆ "ಅವತ್ತು ಏನಾಯಿತು, ಮಾಡಿ ತೋರಿಸು" ಎನ್ನಬೇಡಿ. ಗೂಡು ಕಳೆದುಕೊಂಡ ಹಕ್ಕಿಯ ಪಾತ್ರ ಕೊಡಿ. ಹೇಳಬೇಕಾದದ್ದನ್ನು ಹಕ್ಕಿಯೇ ಹೇಳುತ್ತದೆ.

2. ಸುಳ್ಳು ಸಮಾಧಾನ ಬೇಡ. ಠಾಕೂರರು ಅಮಲ್‌ನ ಕಾಯಿಲೆಯನ್ನು ಮಾಯಮಾಡಲಿಲ್ಲ, ಕಿಟಕಿಗಳನ್ನು ತೆರೆಸಿದರು. ನಮ್ಮ ಕ್ರಿಸ್ಮಸ್ ನಾಟಕಗಳಲ್ಲಿ ಗೋದಲಿ, ಕುರುಬರು, ನಕ್ಷತ್ರ ಇರುತ್ತವೆ. ಹೆರೋದನೂ ಐಗುಪ್ತದ ಓಟವೂ ಬಹಳ ಸಲ ಬಿಟ್ಟುಹೋಗುತ್ತವೆ. ಧರ್ಮಸಭೆ ಡಿಸೆಂಬರ್ 28ರಂದು ಹೆರೋದನು ಕೊಲ್ಲಿಸಿದ ಮಕ್ಕಳನ್ನು ಸ್ಮರಿಸುತ್ತದೆ. ರಾತ್ರೋರಾತ್ರಿ ಮನೆ ಬಿಟ್ಟು ಓಡಿದ ತಿರುಕುಟುಂಬದ ದೃಶ್ಯ, ಊರು ಬಿಟ್ಟು ಬಂದ ಮಗುವಿಗೆ ಬೇಗ ಅರ್ಥವಾಗುತ್ತದೆ.

3. ಎಲ್ಲರಿಗೂ ಒಂದು ಪಾತ್ರ. 'ಡಾಕ್‌ಘರ್' ನಾಟಕದಲ್ಲಿ ಮೊಸರು ಮಾರುವವನಿಗೂ ಜಾಗವಿದೆ. ಮಾತನಾಡಲು ಮನಸ್ಸಿಲ್ಲದ ಮಗು ಪರದೆ ಎಳೆಯಲಿ, ಗಂಟೆ ಬಾರಿಸಲಿ. ಸ್ಪರ್ಧೆ, ಬಹುಮಾನ ಬೇಡ. ನೊಂದ ಮಗುವನ್ನು ಇನ್ನೊಮ್ಮೆ ಸೋಲಿಸುವುದು ಬೇಡ.

4. ಖರ್ಚು ಬೇಡ. ಒಂದು ಮಂಚ, ಒಂದು ಕಿಟಕಿ, ಪರದೆಗೆ ಅಮ್ಮನ ಹಳೆಯ ಸೀರೆ ಸಾಕು. ಅರ್ಧ ಗಂಟೆಗಿಂತ ಉದ್ದ ಬೇಡ. ಕನ್ನಡದಲ್ಲೂ ಮಕ್ಕಳ ನಾಟಕಗಳಿಗೆ ಕೊರತೆಯಿಲ್ಲ. ಕುವೆಂಪು ಅವರ 'ನನ್ನ ಗೋಪಾಲ' ಕಾಡುದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಲು ಹೆದರುವ ಬಡಹುಡುಗನ ಕಥೆ.

5. ಪ್ರದರ್ಶನ ಮುಖ್ಯ ಅತಿಥಿಗಳಿಗಾಗಿ ಅಲ್ಲ. ಪರಿಹಾರ ಶಿಬಿರದ ಮಕ್ಕಳನ್ನು ದಾನಿಗಳ ಮುಂದೆ ಕುಣಿಸಿ ಫೋಟೋ ತೆಗೆಸುವುದು ಸೇವೆಯಲ್ಲ. ತೆರೆಝೀನ್ ನೆನಪಿರಲಿ. ಮಕ್ಕಳು ಆಡಲಿ, ಮಕ್ಕಳೂ ಮನೆಯವರೂ ನೋಡಲಿ.

6. ಆಟ ಮುಗಿದ ಮೇಲೆ ಎದ್ದುಹೋಗಬೇಡಿ. "ಇದರಿಂದ ಏನು ನೀತಿ ಕಲಿತೆ?" ಎಂದು ಪರೀಕ್ಷೆ ಮಾಡುವುದೂ ಬೇಡ. ಕಾಫಿ, ಬಿಸ್ಕತ್ತು ಹಂಚಿಕೊಂಡು ಪಕ್ಕದಲ್ಲಿ ಕುಳಿತಿರಿ. ಮಗು ಕೇಳಿದರೆ ತಿಳಿದಷ್ಟು ಹೇಳಿ. ತಿಳಿಯದಿದ್ದರೆ "ನನಗೂ ಗೊತ್ತಿಲ್ಲ ಮಗು, ಆದರೆ ನಾನು ಇಲ್ಲೇ ಇರುತ್ತೇನೆ" ಎನ್ನಿ.

ಒಂದು ಮಾತು ಮರೆಯಬಾರದು. ನಾಟಕ ಔಷಧಿಯಲ್ಲ. ಮಗು ವಾರಗಟ್ಟಲೆ ನಿದ್ರೆಮಾಡದಿದ್ದರೆ, ಮಾತು ಬಿಟ್ಟರೆ, ಊಟ ಬಿಟ್ಟರೆ ವೈದ್ಯರಿಗೆ ತೋರಿಸುವುದು ತಂದೆತಾಯಿಯರ ಕರ್ತವ್ಯ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹಿತ್ತಲಲ್ಲಿ ಗೊಂಬೆಗೆ ಬಿಳಿ ಬಟ್ಟೆ ಹೊದಿಸಿದ ಮಗುವಿನ ಬಳಿಗೆ ಈಗ ಮತ್ತೊಮ್ಮೆ ಹೋಗೋಣ. ಗದರಿಸದೆ ಅದರ ಪಕ್ಕ ನೆಲದ ಮೇಲೆ ಕುಳಿತು, "ನಾನೂ ಸೇರಲಾ? ನನಗೆ ಯಾವ ಪಾತ್ರ?" ಎಂದು ಕೇಳಿದರೆ ಸಾಕು. ಪೇಟೆಯಲ್ಲಿ ಕುಳಿತ ಮಕ್ಕಳ ದೂರು ಅಷ್ಟರಮಟ್ಟಿಗಾದರೂ ತೀರುತ್ತದೆ.

ಮನೆಮಂದಿ ಕೂಡಿ ಚಿಂತಿಸಲು

* ನಮ್ಮ ಮನೆಯಲ್ಲಿ ಕಷ್ಟ ಬಂದಾಗ ಮಕ್ಕಳಿಂದ ಏನನ್ನು ಮುಚ್ಚಿಟ್ಟೆವು? ಅದು ಅವರಿಗೆ ನಿಜವಾಗಿಯೂ ತಿಳಿಯದೆ ಹೋಯಿತೇ?

* ನಮ್ಮ ಮಕ್ಕಳು ಇತ್ತೀಚೆಗೆ ಆಡುತ್ತಿರುವ ಆಟ ಯಾವುದು? ಅದು ನಮಗೆ ಏನು ಹೇಳುತ್ತಿದೆ?

* ನಮ್ಮ ವಾರ್ಡಿನಲ್ಲಿ ಕಿಟಕಿಯ ಬಳಿ ಕುಳಿತ ಮಗು ಯಾರು? ಕಾಯಿಲೆಯಿಂದಲೋ, ಮನೆಯ ದುಃಖದಿಂದಲೋ ಹೊರಗೆ ಬಾರದ ಮಗುವಿದೆಯೇ?

ಈ ವಾರದ ಸಂಕಲ್ಪ: ಒಂದು ಸಂಜೆ ಟಿ.ವಿ. ಆರಿಸಿ, ಮಕ್ಕಳು ಆರಿಸಿದ ಕಥೆಯೊಂದನ್ನು ಮನೆಯವರೆಲ್ಲ ಸೇರಿ ಆಡೋಣ. ಸಾಧ್ಯವಾದರೆ ಆ ಕಿಟಕಿಯ ಮಗುವಿನ ಮನೆಗೇ ಹೋಗಿ ಆಡೋಣ.