ಹಿತ್ತಲಿಗೊಂದು ಹಸಿರು ಬೇಲಿ

ಮಕ್ಕಳೇ, ಬೇಲಿ ಅಂದ ಕೂಡಲೇ ನಿಮಗೆ ನೆನಪಾಗೋದು ಮರದ ಹಲಗೆಯ ಬೇಲಿ, ಅಲ್ವಾ? ಗಿಡಗಳನ್ನು ಸಾಲಾಗಿ ನೆಟ್ಟು ಬೆಳೆಸಿದರೆ ಅದೂ ಬೇಲಿಯೇ. ಮಲೆನಾಡಿನಲ್ಲಿ ನಮ್ಮಜ್ಜನ ತೋಟದ ಸುತ್ತ ಅಂಥ ಬೇಲಿ ಇತ್ತು: ಗೊಬ್ಬರದ ಗಿಡ, ಲಕ್ಕಿ, ಆಡುಸೋಗೆ, ನಡುನಡುವೆ ದಾಸವಾಳ. ಆಡುಸೋಗೆಯ ಎಲೆ ಕಹಿ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು.

ಬೇ ಏರಿಯಾದ ನಮ್ಮ ಹಿತ್ತಲಿಗೆ ದನ ಬರಲ್ಲ. ಆದರೆ ಮನೆಗಳು ಒತ್ತೊತ್ತಾಗಿವೆ. ಪಕ್ಕದ ಮನೆಯ ಮಹಡಿ ಕಿಟಕಿಯಿಂದ ಎಲ್ಲಾ ಕಾಣುತ್ತೆ. ಇಲ್ಲಿ ಬೇಲಿ ಬೇಕಾಗಿರೋದು ಮರೆಗಾಗಿ.

ನಾನು ಮಾಡಿದ ತಪ್ಪು

ಅಜ್ಜ ಜೂನ್‌ನಲ್ಲಿ ಬೇಲಿಗೆ ಗೂಟ ನೆಡುತ್ತಿದ್ದರು, ಅವು ಚಿಗುರುತ್ತಿದ್ದವು. ನಾನೂ ಇಲ್ಲಿ ಜೂನ್‌ನಲ್ಲೇ ಟೋಯಾನ್ ಸಸಿಗಳನ್ನು ನೆಟ್ಟೆ. ದಿನಾ ಮೇಲೆ ಮೇಲೆ ಸ್ವಲ್ಪ ನೀರು ಹಾಕಿದೆ. ಆಗಸ್ಟ್ ಹೊತ್ತಿಗೆ ಎಲ್ಲವೂ ಒಣಗಿಹೋದವು. ಮಗಳು ಕೇಳಿದಳು, "ಅಪ್ಪಾ, ನಾವೇ ಸಾಯಿಸಿದ್ವಾ?" ಉತ್ತರ ಕೊಡೋದು ಕಷ್ಟವಾಯ್ತು. ಹೌದು, ನಾವೇ.

ಯಾಕೆ? ಊರಲ್ಲಿ ಜೂನ್ ಅಂದರೆ ಮುಂಗಾರು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿನ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಅಜ್ಜ ನೆಟ್ಟಿದ್ದು ಜೂನ್ ಅಂತಲ್ಲ, ಮಳೆ ಶುರುವಾಯ್ತು ಅಂತ! ನಾನು ತಿಂಗಳನ್ನು ಕಾಪಿ ಮಾಡಿದೆ, ಕಾರಣವನ್ನು ಬಿಟ್ಟೆ. ನವೆಂಬರ್‌ನಲ್ಲಿ ನೆಟ್ಟರೆ ಚಳಿಗಾಲವಿಡೀ ಬೇರು ಕೆಳಗಿಳಿಯುತ್ತೆ, ಬೇಸಿಗೆ ತಡೆದುಕೊಳ್ಳುತ್ತೆ.

ಯಾವ ಗಿಡ?

ಟೋಯಾನ್: ಕ್ಯಾಲಿಫೋರ್ನಿಯಾದ್ದೇ ಗಿಡ. ವರ್ಷವಿಡೀ ಹಸಿರು. ಬೇಸಿಗೆಯಲ್ಲಿ ಬಿಳಿ ಹೂವು, ಚಳಿಗಾಲದಲ್ಲಿ ಕೆಂಪು ಹಣ್ಣು. ರಾಬಿನ್ ಹಕ್ಕಿಗಳಿಗೆ ಹಬ್ಬ. ನೀವು ಮಾತ್ರ ಹಸಿ ಹಣ್ಣು ತಿನ್ನಬೇಡಿ.

ಕಾಫಿಬೆರಿ: ಇದೂ ಇಲ್ಲಿಯದೇ. ಸ್ವಲ್ಪ ಗಿಡ್ಡ. ಹೆಸರಲ್ಲಿ ಕಾಫಿ ಇದೆ ಅಂತ ಅಮ್ಮನಿಗೆ ಕೊಡಬೇಡಿ, ಇದರಿಂದ ಕಾಫಿ ಆಗಲ್ಲ.

ಕಣಗಿಲೆ: ಊರಲ್ಲಿ ದೇವರಿಗೆ ಮುಡಿಸುವ ಹೂವು, ಇಲ್ಲಿ ಫ್ರೀವೇಗಳ ನಡುವೆಯೂ ಕಾಣುತ್ತೆ. ಗಿಡದ ಎಲ್ಲ ಭಾಗವೂ ವಿಷ. ಪುಟ್ಟ ಮಕ್ಕಳು, ನಾಯಿ ಇರುವ ಮನೆಗೆ ಬೇಡ.

ಬಿದಿರು: ಹರಡುವ ಜಾತಿಯಾದರೆ ನೆಲದಡಿಯಲ್ಲೇ ಪಕ್ಕದ ಮನೆಗೆ ನುಗ್ಗುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಗುಂಪಾಗಿ ಬೆಳೆಯುವ ಜಾತಿಯನ್ನೇ ಕೇಳಿ ತನ್ನಿ.

ಎಷ್ಟು ಗಿಡ?

24 ಅಡಿ ಉದ್ದ, 6 ಅಡಿಗೊಂದು ಗಿಡ, ಎರಡೂ ತುದಿಯಲ್ಲಿ ಒಂದೊಂದು. ಎಷ್ಟು ಬೇಕು? 4 ಅಂದಿರಾ? ಚಿತ್ರ ಬರೆದು ಎಣಿಸಿ: 5. ಜಾಗ ನಾಲ್ಕು, ಗಿಡ ಐದು. ಪ್ರೋಗ್ರಾಂ ಬರೆಯುವ ನಮ್ಮಂಥವರೂ ಈ ತಪ್ಪು ಮಾಡುತ್ತೇವೆ. ಅದಕ್ಕೆ ನಮ್ಮಲ್ಲಿ "ಬೇಲಿಗೂಟದ ತಪ್ಪು" ಅನ್ನೋ ಅರ್ಥದ ಹೆಸರೇ ಇದೆ.

ಮುಂದಿನ ನವೆಂಬರ್‌ನಲ್ಲಿ ಮಗಳೇ ಅಳತೆ ಹಿಡಿದು ಐದು ಸಸಿ ನೆಟ್ಟಳು. ಮೊದಲ ಎರಡು ಬೇಸಿಗೆ, ದಿನಾ ಚಿಮುಕಿಸುವ ಬದಲು ಆಗಾಗ ಆಳಕ್ಕಿಳಿಯುವಂತೆ ನೀರು ಕೊಟ್ಟೆವು. ಈಗ ಅವು ಅವಳಿಗಿಂತ ಎತ್ತರ. ಒಂದು ಕಡೆ ಮಾತ್ರ ಕೊಂಬೆ ಸವರಿ ಕಿಂಡಿ ಬಿಟ್ಟಿದ್ದೇವೆ. ಪಕ್ಕದ ಮನೆಯ ಅಜ್ಜಿ ಅಲ್ಲಿಂದಲೇ ನಿಂಬೆಹಣ್ಣು ಕೊಡೋದು.

ಹೊಸ ಪದಗಳು: ಹಿತ್ತಲು – ಮನೆಯ ಹಿಂದಿನ ಜಾಗ. ಸಸಿ – ಎಳೆಯ ಗಿಡ. ಮರೆ – ಕಾಣದಂತೆ ಅಡ್ಡ ಇರುವುದು. ಕಿಂಡಿ – ಸಣ್ಣ ತೆರಪು.

ಮನೆಕೆಲಸ:
1. 30 ಅಡಿ ಬೇಲಿಗೆ, 5 ಅಡಿಗೊಂದರಂತೆ, ಎರಡೂ ತುದಿ ಸೇರಿಸಿ ಎಷ್ಟು ಗಿಡ ಬೇಕು?
2. ಊರಿನ ಅಜ್ಜಿ ಅಥವಾ ತಾತನಿಗೆ ಫೋನ್ ಮಾಡಿ, ಅವರ ಮನೆಯ ಬೇಲಿಯಲ್ಲಿದ್ದ ಮೂರು ಗಿಡಗಳ ಹೆಸರು ಕೇಳಿ ಬರೆಯಿರಿ.