ಬರದಿದ್ದರೆ ಎಷ್ಟು ಹೋಗುತ್ತೆ?

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರ್ತೀನಿ, ಎರಡೂವರೆ ಎಕರೆಗೂ ಅಡಿಕೆ ಇಡ್ತೀನಿ ಅಂತ ನಿಮ್ಮಪ್ಪನ ಹತ್ರ ಹೇಳಿದೆಯಂತೆ. ಬಾರಪ್ಪ, ಬೇಡ ಅನ್ನೋಕೆ ನಾನ್ಯಾರು? ಆದರೆ ಗುಂಡಿ ತೆಗೆಸೋ ಮುಂಚೆ ಒಂದು ಲೆಕ್ಕ ಹಾಕು. ಬಂದರೆ ಎಷ್ಟು ಬರುತ್ತೆ ಅನ್ನೋದನ್ನ ಮೊಬೈಲಿನಲ್ಲಿ ಎಲ್ಲರೂ ತೋರಿಸ್ತಾರೆ. ಬರದಿದ್ದರೆ ಎಷ್ಟು ಹೋಗುತ್ತೆ ಅನ್ನೋದನ್ನ ಯಾರೂ ತೋರಿಸಲ್ಲ. ಐದೆಕರೆ ಒಳಗಿನವನಿಗೆ ಈ ಎರಡನೇ ಲೆಕ್ಕವೇ ಮೊದಲು. ದೊಡ್ಡ ಹಿಡುವಳಿಯವನು ಒಂದು ವರ್ಷ ಸೋತರೆ ಮುಂದಿನ ವರ್ಷ ಎದ್ದಾನು. ನಮ್ಮಂಥವರು ಸೋತರೆ ಪಹಣಿಯ ಹನ್ನೊಂದನೇ ಕಾಲಂನಲ್ಲಿ ಸಾಲ ಬಂದು ಕೂರುತ್ತೆ, ಅಷ್ಟು ಸುಲಭಕ್ಕೆ ಎದ್ದು ಹೋಗಲ್ಲ.

ಅಡಿಕೆ ಫಸಲು ಕಾಣೋಕೆ ಐದಾರು ವರ್ಷ ಬೇಕು. ಅಲ್ಲೀತನಕ ಒಂದು ಬೇಸಿಗೆಯೂ ನೀರು ತಪ್ಪೋ ಹಾಗಿಲ್ಲ. ನಮ್ಮ ಬಯಲುಸೀಮೆಯಲ್ಲಿ ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂದದ್ದನ್ನ ನೀನೇ ನೋಡಿದ್ದೀಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ತೋಟ ಉಳಿಸ್ಕೊಳ್ಳೋಕೆ ಜನ ಟ್ಯಾಂಕರ್ ನೀರು ಕೊಂಡು ಹೊಯ್ದರು. ಕೊಂಡ ನೀರಿನಲ್ಲಿ ತೋಟ ಮಾಡೋನು ರೈತನೋ, ಟ್ಯಾಂಕರಿನವನ ಗಿರಾಕಿಯೋ?

ಹಾಗಂತ ಹಳೇದನ್ನೇ ಹಿಡ್ಕೊಂಡು ಕೂರು ಅಂತಲ್ಲ. ನಿಮ್ಮ ತಾತನೂ ಕೂತವನಲ್ಲ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿ ತಂದಾಗ ನಮ್ಮೂರಲ್ಲಿ ಮುಂಚೆ ಬಿತ್ತಿದವರಲ್ಲಿ ಅವನೂ ಒಬ್ಬ. ಆದರೆ ಬಿತ್ತಿದ್ದು ಒಂದು ಪಟ್ಟೆಗೆ. ಪಕ್ಕದಲ್ಲೇ ಮನೆಯ ಹಳೇ ಬೀಜ ಇತ್ತು. ಹೊಸದು ಗೆದ್ದ ಮೇಲೆ ಪಟ್ಟೆ ಅಗಲ ಆಯ್ತು.

ಅವನ ಅಕ್ಕಡಿ ಸಾಲಿನಲ್ಲೂ ಇದೇ ಲೆಕ್ಕ ಇತ್ತು. ಕೂರಿಗೆಯಲ್ಲಿ ರಾಗಿ ಬೀಳ್ತಾ ಹೋಗೋದು. ಹಿಂದೆ ಸಡ್ಡೆ ಹಿಡಿದು ನಿಮ್ಮಜ್ಜಿ, ಮಡಿಲಿನಿಂದ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬೆರೆಸಿದ ಬೀಜ ತೆಗೆದು ಬಿಡ್ತಾ ನಡೆಯೋಳು. ಎತ್ತಿನ ನಡಿಗೆಗೆ ಅವಳ ಬೆರಳು ತಾಳ ತಪ್ತಿರಲಿಲ್ಲ. ಮಳೆ ಮಧ್ಯದಲ್ಲಿ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕಿಳಿದ ತೊಗರಿ ನಿಲ್ತಿತ್ತು.

ಈಗಿನ ಮಳೆ ಪಂಚಾಂಗ ನೋಡಿ ಬರಲ್ಲ. ಅದಕ್ಕೇ ಒಂದೇ ರಾಗಿ ತಳಿ ನಂಬ್ಕೋಬೇಡ. ಮುಂಗಾರು ಹದವಾಗಿ ಹಿಡಿದರೆ ದೀರ್ಘಾವಧಿಯ ಎಂಆರ್-6. ಜುಲೈಗೆ ಹೋದರೆ ಜಿಪಿಯು-28 ಇಲ್ಲವೇ ಎಂಎಲ್-365. ಆಗಸ್ಟೂ ಬಂತು ಅಂದರೆ ನೂರು ದಿನದೊಳಗೆ ಕೈಗೆ ಬರೋ ಜಿಪಿಯು-48. ಅದೂ ತಪ್ಪಿದರೆ ಹುರುಳಿ. ನಾಲ್ಕೂ ಬೀಜ ಮನೆಯಲ್ಲಿರಲಿ. ಮಳೆ ಬಂದ ದಿನ ಬೀಜಕ್ಕೆ ಓಡೋನು ಹದ ಕಳ್ಕೊಳ್ತಾನೆ. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ರಾಗಿ ಮಲಗಿ ತೆನೆಯಲ್ಲೇ ಮೊಳಕೆ ಬಂತಲ್ಲ, ಆಗ ಹಿಂದೆಮುಂದೆ ಬಿತ್ತಿದವನಿಗೆ ಅಷ್ಟಿಷ್ಟಾದರೂ ದಕ್ಕಿತು.

ಕೊಳವೆಬಾವಿಗೆ ಸುರಿಯೋ ದುಡ್ಡಿನಲ್ಲಿ ಒಂದಿಷ್ಟು ತೆಗೆದು ಹೊಲದ ತಗ್ಗಿನಲ್ಲಿ ಕೃಷಿ ಹೊಂಡ ಮಾಡಿಸು, ತಳಕ್ಕೆ ಟಾರ್ಪಾಲಿನ್ ಹಾಸು. ತೆನೆ ಹೊಡೆಯೋ ಹೊತ್ತಿಗೆ ಎರಡು ನೀರು ಕೊಟ್ಟರೆ ರಾಗಿಗೆ ಅಷ್ಟು ಸಾಕು. ಹೊಂಡದ ಪಕ್ಕದ ಹತ್ತು ಗುಂಟೆಗೆ ಅಡಿಕೆ ಇಡು. ಮೂರು ಬೇಸಿಗೆ ನೀರು ಎಟುಕುತ್ತಾ ನೋಡೋಣ, ಎಟುಕಿದರೆ ನಾನೇ ಬಂದು ಮುಂದಿನ ಗುಂಡಿ ತೋಡಿಸ್ತೀನಿ.

ಇನ್ನು ಹಸುವಿನ ಮೇವು. ಕೂಲಿಯವರು ಸಿಗಲ್ಲ ಅಂತ ರಾಗಿಯನ್ನೆಲ್ಲ ಮಿಷನ್ನಿಗೆ ಕುಯ್ಸಿದರೆ ಹುಲ್ಲು ತುಂಡುತುಂಡಾಗಿ ನೆಲಕ್ಕೆ ಬೀಳುತ್ತೆ, ಮೆದೆ ಒಟ್ಟೋಕೆ ಬರಲ್ಲ. ಒಂದೆಕರೆಯಾದರೂ ಕೈಕುಯ್ಲು ಮಾಡಿಸು. ಸುಗ್ಗಿ ಕೈಕೊಟ್ಟ ವರ್ಷ ನಮ್ಮ ಒಲೆ ಉರಿಸಿದ್ದು ಡೈರಿಯ ಬಟವಾಡೆ. ಆ ಹಾಲು ಕರೆದವರು ನಿಮ್ಮಮ್ಮ, ಲೆಕ್ಕ ಬರೆದಿಟ್ಟವರೂ ನಿಮ್ಮಮ್ಮ. ಹೊಲದಲ್ಲಿ ಏನೇ ಬದಲಾಯಿಸೋ ಮುಂಚೆ ಅವರನ್ನ ಕೇಳು. ನಿಮ್ಮಪ್ಪನನ್ನ ಆಮೇಲೆ ಕೇಳಿದರೂ ನಡೆಯುತ್ತೆ.

ಎಲ್ಲಕ್ಕಿಂತ ಅವಸರದ್ದು ಕಾಗದ. ಪಾಲು ಬಾಯಿಮಾತಿನಲ್ಲಿ ಆಗಿದೆ, ಪಹಣಿ ಇನ್ನೂ ನಿಮ್ಮ ತಾತನ ಹೆಸರಲ್ಲೇ ಇದೆ. ಬೆಂಬಲ ಬೆಲೆಗೆ ರಾಗಿ ಕೊಡೋಕೆ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು, ಎಫ್‌ಐಡಿಗೆ ನಮ್ಮ ಹೆಸರಿನ ಪಹಣಿ ಬೇಕು. 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ ಅಂತ ಗೊತ್ತಿದ್ದೂ ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟು ಬರೋರು ಇದಕ್ಕೇ. ಬೆಳೆವಿಮೆ, ಬರ ಪರಿಹಾರಕ್ಕೂ ಇದೇ ತೊಡಕು. ನಿಮ್ಮ ಸೋದರತ್ತೆಯರಿಗೂ ಈ ಜಮೀನಿನಲ್ಲಿ ಹಕ್ಕಿದೆ. ಕೂತು ಮಾತಾಡದೆ ಅವರ ಸಹಿ ತರೋಕೆ ಹೋಗಬೇಡ. ಸೋಮವಾರ ರಜೆ ಹಾಕಿ ಬಾ, ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ತಾತನ ಖಾತೆ ವಾರಸುದಾರರ ಹೆಸರಿಗೆ ಬರೋ ಪೌತಿ ಖಾತೆಗೆ ದಾರಿ ಮಾಡ್ಕೊಳ್ಳೋಣ. ತಾತನ ಮರಣ ಪ್ರಮಾಣಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಅತ್ತೆಯರಿಗೆ ನಾನೇ ಫೋನ್ ಮಾಡ್ತೀನಿ.