ಮೂರ್ತಿಯನ್ನು ನಿಲ್ಲಿಸುವುದು ಒಳಗಿನ ತಂತಿ: ಗಟ್ಟಿ ಆರ್ಮೇಚರ್‌ಗೆ ಹತ್ತು ಸೂತ್ರಗಳು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಅನಾವರಣಗೊಂಡ ಕೆಂಪೇಗೌಡರ 108 ಅಡಿ ಪ್ರತಿಮೆಗೆ ಬಳಸಿದ ಕಂಚು 98 ಟನ್, ಉಕ್ಕು 120 ಟನ್. ಕಣ್ಣಿಗೆ ಕಾಣುವ ಕಂಚಿಗಿಂತ ಉಕ್ಕಿನ ತೂಕವೇ ಹೆಚ್ಚು. ಮೇಜಿನ ಮೇಲೆ ಒಂದೂವರೆ ಅಡಿಯ ಮಣ್ಣಿನ ಆಕೃತಿ ಮಾಡುವವರಿಗೂ ಇದೇ ಪಾಠ. ಕಲ್ಲು ಕೆತ್ತುವವರಿಗೆ ಕಲ್ಲೇ ಆಧಾರ. ಹಸಿ ಮಣ್ಣಿಗೆ ಆ ಬಲವಿಲ್ಲ, ಒಳಗಿನಿಂದ ಏನಾದರೂ ಅದನ್ನು ಹೊರಲೇಬೇಕು. ಹಾಗೆ ಹೊರುವ ಚೌಕಟ್ಟೇ ಆರ್ಮೇಚರ್. ಆಕೃತಿಯ ಭಂಗಿ ತೀರ್ಮಾನವಾಗುವುದೂ ಅಲ್ಲಿಯೇ. ತಂತಿಯಲ್ಲಿ ತಪ್ಪಿದ ನಿಲುವನ್ನು ಮಣ್ಣು ಮೆತ್ತಿ ಸರಿಪಡಿಸಲು ಬರುವುದಿಲ್ಲ. ಹಾಗಾಗಿ ಮೊದಲ ದಿನವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಡಿ.

1. ಯಾವ ಮಣ್ಣು ಎಂದು ಮೊದಲೇ ನಿರ್ಧರಿಸಿ

ಗೂಡಿನಲ್ಲಿ ಸುಡುವ ಮೂರ್ತಿಯೊಳಗೆ ತಂತಿ ಬೇಡ. ಒಣಗುವಾಗ ಮಣ್ಣು ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಬಿರುಕು ತಪ್ಪಿದ್ದಲ್ಲ. ಅಂಥ ಮೂರ್ತಿಗೆ ಹೊರಗಿನಿಂದ ಆಸರೆ ಕೊಡಿ. ಮಣ್ಣು ಸ್ವಲ್ಪ ಬಿಗಿಯಾದ ಮೇಲೆ ಸೀಳಿ, ಒಳಗೆ ಟೊಳ್ಳು ಮಾಡಿ, ಮತ್ತೆ ಜೋಡಿಸಿ. ಅಚ್ಚು ತೆಗೆದು ಪ್ಲಾಸ್ಟರ್, ಫೈಬರ್ ಅಥವಾ ಕಂಚಿಗೆ ಇಳಿಸುವುದಾದರೆ ಧಾರಾಳವಾಗಿ ತಂತಿ ಬಳಸಿ. ಪಾಲಿಮರ್ ಕ್ಲೇ ಸುಮಾರು 130 ಡಿಗ್ರಿಯಲ್ಲಿ ಬೇಯುತ್ತದೆ. ಅದಕ್ಕೆ ತಂತಿಯೂ ಅಲ್ಯೂಮಿನಿಯಂ ಫಾಯಿಲ್ಲೂ ಸರಿ, ಥರ್ಮೋಕೋಲ್ ಮಾತ್ರ ಕರಗಿಹೋಗುತ್ತದೆ.

2. ತೂಕದ ಲೆಕ್ಕ ಹಾಕಿ

ಎತ್ತರ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. 18 ಇಂಚಿನ ನಿಂತ ಆಕೃತಿಗೆ ಸುಮಾರು 2 ಕಿಲೋ ಹಸಿ ಮಣ್ಣು ಸಾಕು. ಅದೇ ಆಕೃತಿ 36 ಇಂಚಾದರೆ 16 ಕಿಲೋ ಬೇಕು. ಚಿಕ್ಕದಕ್ಕೆ ಸಾಕಾದ ತಂತಿಯನ್ನೇ ದೊಡ್ಡದಕ್ಕೂ ಹಾಕಿದರೆ ಆಕೃತಿ ಮಂಡಿಯ ಬಳಿ ಮಡಚಿಕೊಳ್ಳುತ್ತದೆ. ಎರಡು ಅಡಿ ದಾಟಿತೆಂದರೆ ತಂತಿ ಬಿಟ್ಟು ಕಬ್ಬಿಣದ ಸರಳು, ಪೈಪುಗಳ ಕಡೆ ಹೋಗಿ.

3. ನಿಜ ಅಳತೆಯ ಚಿತ್ರ ಬರೆದುಕೊಳ್ಳಿ

ದಪ್ಪ ಕಾಗದದ ಮೇಲೆ ಮುಂದಿನಿಂದ ಒಂದು, ಪಕ್ಕದಿಂದ ಒಂದು, ಎರಡು ಚಿತ್ರ ಇರಲಿ. ಎಂಟು ತಲೆಯ ಲೆಕ್ಕದಲ್ಲಿ 18 ಇಂಚಿನ ಆಕೃತಿಗೆ ತಲೆ ಎರಡೂಕಾಲು ಇಂಚು, ತೊಡೆ ಕೂಡುವ ಜಾಗ ನೆಲದಿಂದ 9 ಇಂಚು, ಮಂಡಿ ನಾಲ್ಕೂವರೆ ಇಂಚಿನ ಆಸುಪಾಸು. ದೇವತಾಮೂರ್ತಿಯಾದರೆ ಶಿಲ್ಪಶಾಸ್ತ್ರದ ಅಳತೆಯ ಪದ್ಧತಿಯಾದ ತಾಳಮಾನ ಹಿಡಿಯಿರಿ: ತಾಳಕ್ಕೆ 12 ಅಂಗುಲ, ನವತಾಳಕ್ಕೆ 108 ಅಂಗುಲ. ಚಿತ್ರದಲ್ಲಿ ದೇಹದ ಹೊರಗೆರೆ ಬರೆದ ಮೇಲೆ ಅದರ ನಟ್ಟನಡುವೆ ಕೆಂಪು ಪೆನ್ಸಿಲ್ಲಿನಲ್ಲಿ ತಂತಿಯ ದಾರಿ ಎಳೆಯಿರಿ. ಮಣಿಕಟ್ಟು, ಕಣಕಾಲು, ಕುತ್ತಿಗೆ ತೆಳುವಾದ ಜಾಗಗಳು. ಅಲ್ಲಿ ತಂತಿ ಒಂಚೂರು ಸರಿದರೂ ಚರ್ಮ ಸೀಳಿ ಹೊರಗೆ ಬರುತ್ತದೆ.

4. ತಂತಿಯನ್ನು ಅರಿತು ಆರಿಸಿ

ಆಕೃತಿಗೆ ಅಲ್ಯೂಮಿನಿಯಂ ತಂತಿಯೇ ಉತ್ತಮ. ಕೈಯಲ್ಲೇ ಬಗ್ಗುತ್ತದೆ, ಹಸಿ ಮಣ್ಣಿನಲ್ಲಿ ತುಕ್ಕು ಹಿಡಿಯುವುದಿಲ್ಲ. ಒಂದು ಅಡಿಯ ಆಕೃತಿಗೆ 3 ಮಿಲಿಮೀಟರ್, ಒಂದೂವರೆ ಅಡಿಗೆ 4ರಿಂದ 5, ಬೆರಳುಗಳಿಗೆ ಒಂದೂವರೆ ಮಿಲಿಮೀಟರ್ ದಪ್ಪ ಸಾಕು. ಬೋನ್ಸಾಯ್ ಗಿಡಗಳಿಗೆ ಸುತ್ತುವ ಅಲ್ಯೂಮಿನಿಯಂ ತಂತಿಯನ್ನೂ ಬಳಸಬಹುದು. ಬೆಂಗಳೂರಿನಲ್ಲಿರುವವರು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಕಬ್ಬಿಣ ಬಳಸಲೇಬೇಕಾದರೆ ಎರಡು ಕೋಟು ಬಣ್ಣ ಹೊಡೆದು ಒಣಗಿಸಿ. ಗಂಧಕ ಬೆರೆತ ಎಣ್ಣೆಮಣ್ಣಿನೊಳಗೆ ತಾಮ್ರದ ತಂತಿ ಹಾಕಬೇಡಿ, ಅದು ಕಪ್ಪಾಗಿ ಕೆಡುತ್ತದೆ.

5. ಒಂದೇ ತಂತಿಯಲ್ಲಿ ತಲೆಯಿಂದ ಕಾಲಿನವರೆಗೆ ಬನ್ನಿ

ತುಂಡು ತುಂಡು ಜೋಡಿಸಿದಷ್ಟೂ ಸಡಿಲವಾಗುವ ಜಾಗಗಳು ಹೆಚ್ಚು. 18 ಇಂಚಿನ ಆಕೃತಿಗೆ ನಾಲ್ಕು ಅಡಿಯ ತಂತಿಯನ್ನು ನಡುವೆ ಮಡಚಿ, ಮಡಿಕೆಯಲ್ಲಿ ತಲೆಗೊಂದು ಮೊಟ್ಟೆಯಾಕಾರದ ಕುಣಿಕೆ ಮಾಡಿ. ಕುಣಿಕೆ ತಲೆಬುರುಡೆಗಿಂತ ಎಲ್ಲ ಕಡೆಯೂ ಅರ್ಧ ಇಂಚು ಒಳಗಿರಲಿ. ಕುತ್ತಿಗೆಯಿಂದ ಸೊಂಟದವರೆಗೆ ಎರಡೂ ಎಳೆಗಳನ್ನು ಹೆಣೆದರೆ ಬೆನ್ನೆಲುಬು ಸಿದ್ಧ. ಸೊಂಟದಲ್ಲಿ ಎಳೆ ಬಿಡಿಸಿ ಎರಡು ಕಾಲು ಮಾಡಿ. ಕೈಗಳಿಗೆ ಇನ್ನೊಂದು ತಂತಿಯನ್ನು ಭುಜದ ಮಟ್ಟದಲ್ಲಿ ಬೆನ್ನೆಲುಬಿಗೆ ಎರಡು ಸುತ್ತು ಸುತ್ತಿ ಬಿಗಿಯಿರಿ. ಭುಜದಲ್ಲಿ ಕೆಳಗೆ ಇಳಿಯುವ ಎರಡು ತಿರುವುಗಳ ನಡುವಿನ ಅಂತರ ಮೂರೂವರೆ ಇಂಚು ಮೀರದಿರಲಿ, ಹೊರಗೆ ಸ್ನಾಯುವಿಗೆ ಜಾಗ ಬೇಕು. ಎಲ್ಲ ಸೇರಿ ಮೂರು ಮೀಟರ್ ಕೊಂಡರೆ ಧಾರಾಳ. ಬಗ್ಗಿಸುವುದು ಎಲುಬು ಬಗ್ಗುವಲ್ಲಿ ಮಾತ್ರ: ಮೊಣಕೈ, ಮಂಡಿ, ಸೊಂಟ. ತೊಡೆಯ ನಡುವೆ ತಂತಿ ಬಾಗಿದ್ದರೆ ಮೇಲಿನ ಮಣ್ಣೂ ರಬ್ಬರಿನಂತೆ ಕಾಣುತ್ತದೆ.

6. ಭಾರವನ್ನು ಸೊಂಟ ಹೊರಲಿ

ಇದೇ ಎಲ್ಲಕ್ಕಿಂತ ಮುಖ್ಯ ಸೂತ್ರ. ಕಾಲಿನ ತೆಳು ತಂತಿಯ ಮೇಲೆ ಇಡೀ ದೇಹ ಹೊರಿಸಬೇಡಿ. ಹಿಂದೆ ಒಂದು ಆಸರೆ ಕಂಬ ನಿಲ್ಲಿಸಿ. ಗ್ರಿಲ್ ವೆಲ್ಡಿಂಗ್ ಮಾಡುವವರ ಬಳಿ 10 ಮಿಲಿಮೀಟರ್ ಚೌಕ ಸರಳನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಬುಡಕ್ಕೆ ನಾಲ್ಕು ತೂತಿನ ಕಬ್ಬಿಣದ ತಟ್ಟೆ ಬೆಸುಗೆ ಹಾಕಿಸಿ. 18 ಇಂಚಿನ ಆಕೃತಿಗೆ ಕಂಬದ ಎತ್ತರ ಹತ್ತೂವರೆ ಇಂಚು, ಮುಂದಕ್ಕೆ ಚಾಚಿದ ತೋಳು ಮೂರು ನಾಲ್ಕು ಇಂಚು. ತೋಳಿನ ತುದಿ ಪೃಷ್ಠದ ಮೇಲ್ಭಾಗದಿಂದ ಒಳಹೋಗಿ ಬೆನ್ನೆಲುಬಿನ ತಂತಿಗೆ ತಗಲಬೇಕು. ಅಲ್ಲಿ ತೆಳು ಜಿಐ ತಂತಿಯಿಂದ ಬಿಗಿಯಾಗಿ ಕಟ್ಟಿ, ಮೇಲೆ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಿ. ಈಗ ಪಾದಗಳು ಸ್ವತಂತ್ರ. ನಡೆಯುವ, ಒಂಟಿ ಕಾಲಿನ, ಜಿಗಿಯುವ ಭಂಗಿಗಳೂ ಸಾಧ್ಯ. ದೊಡ್ಡ ಆಕೃತಿಗೆ ಅರ್ಧ ಇಂಚಿನ ಜಿಐ ಪೈಪ್, ಬುಡಕ್ಕೆ ಫ್ಲ್ಯಾಂಜ್, ಮೇಲೆ ಎಲ್ಬೋ ಹಾಕಿ. ಎಲ್ಲವೂ ಪ್ಲಂಬಿಂಗ್ ಅಂಗಡಿಯಲ್ಲೇ ಸಿಗುತ್ತವೆ.

ಆಸರೆಯನ್ನು ಕಡೆಗಣಿಸಿದರೆ ಎಂಥ ಪ್ರತಿಭೆಗೂ ನಷ್ಟವೇ. ಫ್ರಾನ್ಸಿನ ಎಡ್ಗಾರ್ ಡೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕರ ಪುಟ್ಟ ನರ್ತಕಿಯ ಮೇಣದ ಪ್ರತಿಮೆಯನ್ನು ಎಕ್ಸ್‌ರೇ ಮಾಡಿದಾಗ ಒಳಗೆ ತಂತಿಯ ಜೊತೆ ಬಣ್ಣದ ಕುಂಚಗಳೂ ಕಂಡವು. ಕೈಗೆ ಸಿಕ್ಕಿದ್ದನ್ನು ಒಳಗಿಟ್ಟು ಆಕೃತಿ ಮಾಡುತ್ತಿದ್ದವರು ಅವರು. 1917ರಲ್ಲಿ ತೀರಿಕೊಂಡಾಗ ಅವರ ಸ್ಟುಡಿಯೋದಲ್ಲಿ ಸಿಕ್ಕ ಸುಮಾರು 150 ಆಕೃತಿಗಳಲ್ಲಿ ಅನೇಕವು ಮುರಿದು ಚೂರಾಗಿದ್ದವು.

7. ಮಣ್ಣಿಗೆ ಹಿಡಿತ ಕೊಡಿ

ನುಣುಪಾದ ತಂತಿಯ ಮೇಲೆ ಮಣ್ಣು ಜಾರುತ್ತದೆ, ತಿರುಗುತ್ತದೆ. ಕೈಕಾಲಿನ ಉದ್ದಕ್ಕೂ ತೆಳು ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿ. ತಲೆ ಮತ್ತು ಎದೆಯ ಭಾಗದಲ್ಲಿ ಎರಡು ಚಿಕ್ಕ ಮರದ ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿ ತಂತಿಯಲ್ಲಿ ತೂಗುಬಿಡಿ. ಇದನ್ನು ಚಿಟ್ಟೆ ಎನ್ನುತ್ತಾರೆ. ಮಣ್ಣಿನ ಮುದ್ದೆ ಕೆಳಗೆ ಇಳಿಯದಂತೆ ಇದು ತಡೆಯುತ್ತದೆ. ಎದೆಮಟ್ಟದ ಪ್ರತಿಮೆ ಮಾಡುವವರಿಗಂತೂ ತಲೆಯೊಳಗೆ ಚಿಟ್ಟೆ ಇರಲೇಬೇಕು. ಮರ ನೀರು ಕುಡಿದು ಉಬ್ಬದಂತೆ ಮೊದಲೇ ವಾರ್ನಿಷ್ ಹಚ್ಚಿ.

8. ದಪ್ಪ ಜಾಗಕ್ಕೆ ಹಗುರ ವಸ್ತು ತುಂಬಿ

ಕೋಲ್ಕತ್ತದ ಕುಮಾರಟೂಲಿಯ ದುರ್ಗೆಯ ವಿಗ್ರಹಗಳನ್ನು ನೋಡಿ. ಬಿದಿರಿನ ಚೌಕಟ್ಟು, ಅದರ ಮೇಲೆ ಹಗ್ಗದಿಂದ ಬಿಗಿದ ಒಣಹುಲ್ಲಿನ ಮೈ, ಆಮೇಲೆ ಭತ್ತದ ಹೊಟ್ಟು ಬೆರೆಸಿದ ಮಣ್ಣು. ದೇಹದ ಗಾತ್ರವೆಲ್ಲ ಹುಲ್ಲಿನದ್ದು, ಮಣ್ಣು ಮೇಲಿನ ಪದರ ಮಾತ್ರ. ತೂಕ ಕಡಿಮೆ, ಬಿರುಕೂ ಕಡಿಮೆ. ನೀವು ಎದೆ, ತೊಡೆಗಳಿಗೆ ಥರ್ಮೋಕೋಲ್ ಅಥವಾ ಉಂಡೆ ಕಟ್ಟಿದ ಫಾಯಿಲ್ ತುಂಬಿ ತಂತಿಯಿಂದ ಬಿಗಿಯಿರಿ. ಕನಿಷ್ಠ ಅರ್ಧ ಇಂಚು ಮಣ್ಣಿಗೆ ಜಾಗ ಉಳಿಯಲಿ.

9. ಸಿದ್ಧ ಆರ್ಮೇಚರ್ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ

ಸಮಯವಿಲ್ಲದವರು, ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಮಾಡುವವರು ಕೊಂಡರೆ ಲಾಭವೇ. ಆಸರೆಯ ತೋಳನ್ನು ಏರಿಸಿ ಇಳಿಸಲು ಬರುತ್ತದೆಯೇ? ತಂತಿ ಮುರಿದರೆ ಅದನ್ನಷ್ಟೇ ಬದಲಾಯಿಸಬಹುದೇ? ಪೀಠ ನೀರಿಗೆ ತಡೆಯುತ್ತದೆಯೇ? ಹೇಳಿದ ಎತ್ತರ ತಂತಿಯದೋ, ಮಣ್ಣು ಮೆತ್ತಿದ ಆಕೃತಿಯದೋ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಹಣ ಕೊಡಿ. ಮನೆಯಲ್ಲೇ ಮಾಡುವವರು ಪೀಠಕ್ಕೆ 18 ಮಿಲಿಮೀಟರ್ ಪ್ಲೈವುಡ್ ಬಳಸಿ. ಕೆಳಗೆ ಎರಡು ರೀಪರ್ ಪಟ್ಟಿ ಹೊಡೆದರೆ ಹಲಗೆ ಬಾಗುವುದಿಲ್ಲ, ಎತ್ತಲು ಬೆರಳಿಗೂ ಜಾಗ ಸಿಗುತ್ತದೆ.

10. ಮಣ್ಣು ಮುಟ್ಟುವ ಮೊದಲು ಪರೀಕ್ಷೆ ಮಾಡಿ

ಪೀಠ ಹಿಡಿದು ಜೋರಾಗಿ ಅಲುಗಾಡಿಸಿ. ತಂತಿಯ ತುದಿಗಳು ತುಯ್ದರೆ ಚಿಂತೆಯಿಲ್ಲ, ಸೊಂಟ ಕದಲಬಾರದು. ನಂತರ ಸೊಂಟಕ್ಕೆ ಎರಡು ಕಿಲೋ ಅಕ್ಕಿಯ ಚೀಲ ತೂಗುಹಾಕಿ ಒಂದು ಗಂಟೆ ಬಿಡಿ. ಕಂಬ ಬಾಗಿದರೆ ಇನ್ನೂ ದಪ್ಪ ಸರಳು ಹಾಕಿಸಿ, ಕಟ್ಟು ಸಡಿಲವಾದರೆ ಬಿಚ್ಚಿ ಮತ್ತೆ ಕಟ್ಟಿ. ಕೊನೆಗೆ ಬರಿಯ ತಂತಿಯನ್ನೇ ನಾಲ್ಕೂ ದಿಕ್ಕಿನಿಂದ ನೋಡಿ. ಅದು ನಡೆಯುತ್ತಿದೆಯೋ, ದಣಿದು ನಿಂತಿದೆಯೋ ಎಂಬುದು ಈಗಲೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ಇನ್ನೊಮ್ಮೆ ಬಗ್ಗಿಸಿ. ಭಂಗಿ ಬದಲಿಸಲು ಈಗ ಬೇಕಾದದ್ದು ಐದು ನಿಮಿಷ. ಮಣ್ಣು ಮೆತ್ತಿದ ಮೇಲೆ ಅದಕ್ಕೆ ಇಡೀ ಆಕೃತಿಯನ್ನೇ ಕಿತ್ತು ಹಾಕಬೇಕಾಗುತ್ತದೆ.